ಉಂಗುರದ ಆಟ ಮತ್ತು ಕಲ್ಕುಡನ ಕೈ: ವೃತ್ತಿಶಿಕ್ಷಣದ ತರಗತಿಯಲ್ಲಿ ಸಾಧನೆಯ ಪರಿಕಲ್ಪನೆ

ವೃತ್ತಿಶಿಕ್ಷಣವನ್ನು ಕುರಿತ ಸಂಶೋಧನ ಪ್ರಬಂಧಗಳಲ್ಲಿ ಮೂರು ಪರಿಭಾಷೆಗಳು ಬಹುಮಟ್ಟಿಗೆ ಒಟ್ಟಾಗಿಯೇ ಕಾಣಿಸಿಕೊಳ್ಳುತ್ತವೆ: ತರಗತಿಯ ತಂತ್ರಜ್ಞಾನ, ವಿದ್ಯಾರ್ಥಿಯ ಪ್ರೇರಣೆ ಮತ್ತು ಶೈಕ್ಷಣಿಕ ಸಾಧನೆ. ಮೊದಲನೆಯದು ಕಾರಣ, ಕೊನೆಯದು ಫಲ, ಪ್ರೇರಣೆಯೆಂಬುದು ಇವೆರಡರ ನಡುವಿನ ಸೇತುವೆ ಎಂಬ ಗ್ರಹಿಕೆ ಇಂತಹ ಅಧ್ಯಯನಗಳ ಹಿಂದಿದೆ. ತಂತ್ರಜ್ಞಾನವನ್ನು ಉಪಕರಣಗಳ ಪಟ್ಟಿಯಿಂದ, ಸಾಧನೆಯನ್ನು ಅಂಕಪಟ್ಟಿಯಿಂದ ತಿಳಿಯುವುದು ಸುಲಭ. ಪ್ರೇರಣೆಯನ್ನು ಅಳೆಯಲು ಮಾತ್ರ ಪ್ರಶ್ನಾವಳಿಯ ಮೊರೆಹೋಗಬೇಕಾಗುತ್ತದೆ. ‘ಸಂಪೂರ್ಣವಾಗಿ ಒಪ್ಪುತ್ತೇನೆ’ ಎಂಬಲ್ಲಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬಲ್ಲಿಯವರೆಗಿನ ಐದು ಮೆಟ್ಟಿಲುಗಳಲ್ಲಿ ವಿದ್ಯಾರ್ಥಿ ಎಲ್ಲಿ ನಿಂತಿದ್ದಾನೆ ಎಂದು ಗುರುತಿಸಿ, ಬಂದ ಸಂಖ್ಯೆಗಳ ನಡುವೆ ಸಹಸಂಬಂಧವನ್ನು ಕಂಡುಹಿಡಿಯಲಾಗುತ್ತದೆ. ಈ ವಿಧಾನದ ಸಂಖ್ಯಾಶಾಸ್ತ್ರೀಯ ಗುಣದೋಷಗಳ ವಿವೇಚನೆ ಪ್ರಸ್ತುತ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. ಜಾನಪದ ವಿದ್ಯಾರ್ಥಿಯ ಕುತೂಹಲವಿರುವುದು ಆ ನಡುವಿನ ಪದದಲ್ಲಿ. ಅದಕ್ಕೆ ಕಾರಣವುಂಟು: ಸಾಧನಾಪ್ರೇರಣೆಯ ಆಧುನಿಕ ಸಿದ್ಧಾಂತವು ಬೆಳೆದದ್ದು ಭಾಗಶಃ ಜನಪದ ಕತೆಗಳ ಓದಿನಿಂದ.

ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲಂಡ್ ಅವರು 1952ರಲ್ಲಿ ತಮ್ಮ ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರ ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಕೊಯೋಟೆ ಕತೆಗಳನ್ನು ಆಯ್ದುಕೊಂಡು, ಅವುಗಳಲ್ಲಿ ಸಾಧನೆಯ ಹಂಬಲ ಎಷ್ಟರಮಟ್ಟಿಗೆ ವ್ಯಕ್ತವಾಗಿದೆ ಎಂದು ಎಣಿಸಿದರು. 1961ರಲ್ಲಿ ಬಂದ ಅವರ ‘ದಿ ಅಚೀವಿಂಗ್ ಸೊಸೈಟಿ’ ಎಂಬ ಗ್ರಂಥದಲ್ಲಿ ಈ ಎಣಿಕೆ ಹಲವು ಸಂಸ್ಕೃತಿಗಳ ಕತೆಗಳಿಗೂ, ಅನೇಕ ದೇಶಗಳ ಮಕ್ಕಳ ಪಠ್ಯಪುಸ್ತಕಗಳಿಗೂ ವಿಸ್ತರಿಸಿತು. ಕತೆಯ ನಾಯಕನಿಗೆ ಗೆಲ್ಲಬೇಕೆಂಬ ಆಸೆಯಿದೆಯೇ, ಅದಕ್ಕಾಗಿ ಆತ ಕ್ರಿಯೆಗೆ ತೊಡಗುತ್ತಾನೆಯೇ, ಅಡ್ಡಿ ಅವನೊಳಗಿನದೇ ಅಥವಾ ಹೊರಗಿನದೇ, ಯಾರಾದರೂ ನೆರವಿಗೆ ಬರುತ್ತಾರೆಯೇ ಎಂಬಂತಹ ಅಂಶಗಳಿಗೆ ಅಂಕ ನೀಡಲಾಯಿತು. ಪ್ರಾಪ್ ಕತೆಯ ಕ್ರಿಯಾಘಟಕಗಳನ್ನು ಗುರುತಿಸಿದ್ದು ಕತೆಯ ರಚನೆಯನ್ನು ತಿಳಿಯಲು; ಮೆಕ್ಲೆಲಂಡ್ ಗುರುತಿಸಿದ್ದು ಸಮಾಜದ ಆರ್ಥಿಕ ಏಳಿಗೆಯನ್ನು ಮುಂಗಾಣಲು. ಕತೆಯನ್ನು ಹೇಳುವವರು ಯಾರು, ಯಾವ ಸಂದರ್ಭದಲ್ಲಿ, ಯಾರ ಎದುರಿಗೆ ಎಂಬ ಪ್ರಶ್ನೆಗಳು ಅವರ ಎಣಿಕೆಯೊಳಗೆ ಬರಲಿಲ್ಲ. ಜಾನಪದ ಅಧ್ಯಯನವು ಈ ಪ್ರಯೋಗವನ್ನು ಹೆಚ್ಚಾಗಿ ಗಮನಿಸದೆ ಬಿಟ್ಟದ್ದು ಆಶ್ಚರ್ಯಕರ.

ಈ ಸಿದ್ಧಾಂತವು ಭಾರತಕ್ಕೆ ಬಂದದ್ದು 1964ರ ಸುಮಾರಿಗೆ ಆಂಧ್ರದ ಕಾಕಿನಾಡದ ಸಣ್ಣ ಉದ್ಯಮಿಗಳಿಗೆ ನಡೆಸಿದ ತರಬೇತಿಯ ಮೂಲಕ. ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆ ಇದಕ್ಕೆ ನೆಲೆಯಾಯಿತು. ಇದರ ಫಲಿತಾಂಶಗಳನ್ನು ಮೆಕ್ಲೆಲಂಡ್ ಮತ್ತು ಡೇವಿಡ್ ವಿಂಟರ್ 1969ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಪ್ರೇರಣೆ ಹುಟ್ಟಿನಿಂದ ಬರುವುದಲ್ಲ, ಕೆಲವೇ ದಿನಗಳ ಶಿಬಿರದಲ್ಲಿ ಅದನ್ನು ಕಲಿಸಬಹುದು ಎಂಬುದು ಅವರ ವಾದದ ತಿರುಳು. ಈ ನಂಬಿಕೆಯ ಮೇಲೆಯೇ ದೇಶದಲ್ಲಿ ಉದ್ಯಮಶೀಲತಾ ತರಬೇತಿಯ ಒಂದು ಪರಂಪರೆ ಬೆಳೆಯಿತು. ಅದರ ಗ್ರಾಮೀಣ ರೂಪವನ್ನು ಕಾಣಲು ಬೆಳ್ತಂಗಡಿ ತಾಲ್ಲೂಕಿನ ಉಜಿರೆಗೆ ಬರಬೇಕು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ, ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್ ಹಾಗೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಸೇರಿ 1982ರಲ್ಲಿ ಇಲ್ಲಿ ಗ್ರಾಮೀಣ ಅಭಿವೃದ್ಧಿ ಮತ್ತು ಸ್ವಉದ್ಯೋಗ ತರಬೇತಿ ಸಂಸ್ಥೆಯನ್ನು ಆರಂಭಿಸಿದವು. ಜನರ ಬಾಯಲ್ಲಿ ಅದು ರುಡ್‌ಸೆಟ್. (ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು.) ನಿರುದ್ಯೋಗಿ ಯುವಜನರಿಗೆ ಊಟ ವಸತಿಯೊಂದಿಗೆ ಉಚಿತವಾಗಿ ಅಲ್ಪಾವಧಿಯ ತರಬೇತಿ ನೀಡುವ ಈ ಮಾದರಿಯನ್ನು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು 2009ರಲ್ಲಿ ಒಪ್ಪಿಕೊಂಡು, ಜಿಲ್ಲೆಗೊಂದರಂತೆ ಇಂತಹ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ಸ್ಥಾಪಿಸಲು ಮುಂದಾಯಿತು.

ಈ ಬಗೆಯ ತರಬೇತಿಯ ತರಗತಿಯಲ್ಲಿ ಬಳಕೆಯಾಗುವ ಅತ್ಯಂತ ಪ್ರಸಿದ್ಧ ಉಪಕರಣ ಒಂದು ಮರದ ಗೂಟ ಮತ್ತು ಕೆಲವು ಉಂಗುರಗಳು. ನೆಲದ ಮೇಲೆ ದೂರವನ್ನು ಗುರುತು ಮಾಡಲಾಗಿರುತ್ತದೆ. ಎಷ್ಟು ದೂರದಿಂದ ಉಂಗುರ ಎಸೆಯಬೇಕು ಎಂಬುದನ್ನು ಶಿಬಿರಾರ್ಥಿಯೇ ನಿರ್ಧರಿಸಬೇಕು. ದೂರ ಹೆಚ್ಚಿದಂತೆ ಅಂಕವೂ ಹೆಚ್ಚು. ಎಸೆಯುವ ಮೊದಲು ತನ್ನ ಗುರಿಯನ್ನು ಆತ ಎಲ್ಲರಿಗೂ ಕೇಳುವಂತೆ ಹೇಳಬೇಕು. ಹೇಳಿದ್ದು ಮತ್ತು ಗಳಿಸಿದ್ದು ಎರಡೂ ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆಯಲ್ಪಡುತ್ತವೆ. ತೀರ ಹತ್ತಿರ ನಿಲ್ಲುವವನು ಅಂಜುಬುರುಕ, ತೀರ ದೂರ ನಿಲ್ಲುವವನು ಜೂಜುಕೋರ, ನಡುವೆ ನಿಂತು ಸುತ್ತಿನಿಂದ ಸುತ್ತಿಗೆ ದೂರವನ್ನು ಸರಿಪಡಿಸಿಕೊಳ್ಳುವವನು ಉದ್ಯಮಿ ಎಂಬುದು ಆಟದ ಕೊನೆಯಲ್ಲಿ ಬರುವ ವ್ಯಾಖ್ಯಾನ. ಇನ್ನೊಂದು ಆಟದಲ್ಲಿ ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, ಅವನು ಎಡಗೈಯೊಂದರಿಂದಲೇ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಗೋಪುರ ಕಟ್ಟುವಂತೆ ಹೇಳಲಾಗುತ್ತದೆ. ಪಕ್ಕದಲ್ಲಿ ನಿಂತವರು ಮಾತಿನಿಂದ ದಾರಿ ತೋರಿಸುತ್ತಾರೆ. ನೆರವು ಕೊಡುವವರ ನಿರೀಕ್ಷೆ ಹೆಚ್ಚಿದಷ್ಟೂ ಗೋಪುರದ ಎತ್ತರ ಹೆಚ್ಚುತ್ತದೆ ಎಂಬುದು ಇಲ್ಲಿನ ಪಾಠ.

ಇದಕ್ಕೆ ಸೇರಿದಂತೆ ಪ್ರತಿದಿನ ಬೆಳಿಗ್ಗೆ ನಡೆಯುವ ‘ಮಿಲ್ಲಿ’ ಎಂಬ ಕಲಾಪವೊಂದಿದೆ. ‘ನಿನ್ನೆ ಕಲಿತ ಅತಿ ಮುಖ್ಯ ಪಾಠ’ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಆದ ಹೆಸರು ಅದು. ಶಿಬಿರಾರ್ಥಿ ಎದ್ದು ನಿಂತು, ತಾನು ನಿನ್ನೆ ಏನನ್ನು ಕಲಿತೆ ಎಂಬುದನ್ನು ಎಲ್ಲರೆದುರು ತನ್ನ ಮಾತಿನಲ್ಲಿ ಹೇಳಬೇಕು. ಮೌಖಿಕ ಪರಂಪರೆಯ ಅಭ್ಯಾಸಿಗೆ ಇದು ಅಪರಿಚಿತವಲ್ಲ. ಯಕ್ಷಗಾನದ ಮದ್ದಳೆ ಕಲಿಯುವ ಹುಡುಗ ಹಿಂದಿನ ದಿನದ ಪಾಠವನ್ನು ಬಾಯಲ್ಲಿ ಒಪ್ಪಿಸದೆ ಮುಂದಿನ ಪಾಠಕ್ಕೆ ಹೋಗುವಂತಿಲ್ಲ. ಗೂಟ, ಉಂಗುರ, ಮರದ ತುಂಡು, ಕಣ್ಣಿಗೆ ಕಟ್ಟುವ ಬಟ್ಟೆ ಮತ್ತು ಹತ್ತು ಜನರ ಎದುರಿಗೆ ಆಡಿದ ಮಾತು, ಇಷ್ಟನ್ನೂ ‘ತರಗತಿಯ ತಂತ್ರಜ್ಞಾನ’ ಎಂದು ಒಪ್ಪಿಕೊಳ್ಳಲು ನಮ್ಮ ಸಂಶೋಧಕರು ಹಿಂಜರಿಯಬಾರದು. ಗೋಡೆಗೆ ತೂಗುಹಾಕಿದ ಸ್ಮಾರ್ಟ್ ಬೋರ್ಡ್ ಮಾತ್ರವೇ ತಂತ್ರಜ್ಞಾನವೆಂದು ಭಾವಿಸಿ ಸಮೀಕ್ಷೆಗೆ ಹೊರಟರೆ, ಉಜಿರೆ ಮಾದರಿಯ ಯಶಸ್ಸು ಉಪಕರಣವಿಲ್ಲದೆ ಆದ ಪವಾಡದಂತೆ ಕಾಣುತ್ತದೆ. ಅಲ್ಲಿ ಉಪಕರಣವಿದೆ, ಆದರೆ ಅದು ಸಾಕ್ಷಿಗಳ ಸಮ್ಮುಖದಲ್ಲಿ ಮಾತ್ರ ಕೆಲಸ ಮಾಡುವಂಥದು.

ಇಷ್ಟರಮಟ್ಟಿಗೆ ಆಟಗಳ ಶಕ್ತಿಯನ್ನು ಒಪ್ಪಿಕೊಂಡ ಮೇಲೆ ಅವುಗಳ ವ್ಯಾಖ್ಯಾನವನ್ನು ಪ್ರಶ್ನಿಸಬಹುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಿಂದ ಹೊಲಿಗೆ ತರಬೇತಿಗೆಂದು ಬರುವ ಹೆಣ್ಣುಮಕ್ಕಳಲ್ಲಿ ಬೀಡಿ ಕಟ್ಟುವ ಮನೆಗಳಿಂದ ಬಂದವರು ಬಹಳ ಮಂದಿ. ಬೀಡಿಯ ಮಜೂರಿ ಸಾವಿರದ ಲೆಕ್ಕದಲ್ಲಿ. ಇಂದು ಎಷ್ಟು ಕಟ್ಟಬೇಕು, ಅಡುಗೆ, ದನ, ಮಕ್ಕಳ ನಡುವೆ ಎಷ್ಟು ಕಟ್ಟಲು ಸಾಧ್ಯ, ಕೊಟ್ಟ ಎಲೆ ಎಷ್ಟಕ್ಕೆ ಸಾಕು ಎಂದು ಮಡಿಲಲ್ಲಿ ಸೂಪು ಇಟ್ಟುಕೊಂಡು ದಿನವೂ ಗುರಿ ಹಾಕಿಕೊಳ್ಳುವವಳು ಆಕೆ. ಬ್ರಾಂಚಿನಲ್ಲಿ ತಪಾಸಣೆಯಾಗಿ ಕೆಲವು ಕಟ್ಟುಗಳು ತಿರಸ್ಕೃತವಾದರೆ ಮರುದಿನದ ಲೆಕ್ಕವನ್ನು ಸರಿಪಡಿಸಿಕೊಳ್ಳುವವಳೂ ಆಕೆಯೇ. ಅಂತಹವಳಿಗೆ ಉಂಗುರದ ಆಟವು ಗುರಿನಿರ್ಣಯವನ್ನು ಹೊಸದಾಗಿ ಕಲಿಸುತ್ತದೆ ಎಂಬುದು ಒಪ್ಪತಕ್ಕ ಮಾತಲ್ಲ. ಅವಳು ಗೂಟದ ಹತ್ತಿರ ನಿಂತರೆ ಅದು ಅಂಜಿಕೆಯೇ ಆಗಿರಬೇಕಾಗಿಲ್ಲ. ಎಸೆದ ಉಂಗುರ ವ್ಯರ್ಥವಾದರೆ ಆ ದಿನದ ಅಕ್ಕಿಗೆ ಕುತ್ತು ಬರುತ್ತದೆ ಎಂಬ ಅನುಭವಜ್ಞಾನ ಅದಾಗಿರಬಹುದು. ಅವಳಿಗೆ ಈವರೆಗೆ ಇಲ್ಲದಿದ್ದುದು ಸಾಲ ಕೊಡುವ ಬ್ಯಾಂಕು. ಪ್ರೇರಣೆ ಹಳೆಯದು. ರುಡ್‌ಸೆಟ್ ಮಾದರಿ ಬ್ಯಾಂಕುಗಳ ಆಶ್ರಯದಲ್ಲೇ ಹುಟ್ಟಿದ್ದು ಆಕಸ್ಮಿಕವಲ್ಲ. ತರಬೇತಿಯ ಯಶಸ್ಸಿನಲ್ಲಿ ಆಟದ ಪಾಲೆಷ್ಟು, ಸಾಲಪತ್ರದ ಪಾಲೆಷ್ಟು ಎಂದು ಬೇರ್ಪಡಿಸದೆ ಎಲ್ಲವನ್ನೂ ಪ್ರೇರಣೆಯ ಖಾತೆಗೆ ಜಮಾ ಮಾಡುವುದು ಸಂಶೋಧನೆಯ ದೃಷ್ಟಿಯಿಂದ ಸರಿಯಲ್ಲ.

ಮೆಕ್ಲೆಲಂಡ್ ಅವರ ಎಣಿಕೆಗೆ ತುಳುನಾಡಿನ ಕತೆಯೊಂದನ್ನು ಒಡ್ಡಿ ನೋಡುವುದು ಈ ದೃಷ್ಟಿಯಿಂದ ಉಪಯುಕ್ತ. ಕಲ್ಕುಡ-ಕಲ್ಲುರ್ಟಿ ಪಾಡ್ದನವು ಕುಶಲಕರ್ಮಿಯ ಕತೆ. ಎ. ಸಿ. ಬರ್ನೆಲ್ ಸಂಗ್ರಹಿಸಿ, 1894ರಿಂದ 1897ರ ಅವಧಿಯಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟವಾದ ತುಳು ಪಾಡ್ದನಗಳಲ್ಲಿ ಇದರ ಪಾಠವೂ ಸೇರಿದೆ. ತಂದೆ ಶಂಭು ಕಲ್ಕುಡ ಬೆಳಗೊಳಕ್ಕೆ ಕೆಲಸಕ್ಕೆ ಹೋಗುತ್ತಾನೆ. ಅವನನ್ನು ಹುಡುಕಿಕೊಂಡು ಹೋದ ಮಗ ತಂದೆಯ ಕೆಲಸದಲ್ಲಿ ದೋಷವನ್ನು ತೋರಿಸುತ್ತಾನೆ; ಅಪಮಾನ ತಾಳದೆ ತಂದೆ ಪ್ರಾಣ ಬಿಡುತ್ತಾನೆ. ಮಗ ಮುಂದೆ ಕಾರ್ಕಳದ ಅರಸನಿಗಾಗಿ ಗೊಮ್ಮಟನನ್ನು ಕೆತ್ತುತ್ತಾನೆ. ಇಂತಹ ಕೆಲಸ ಇನ್ನೊಂದು ನಾಡಿನಲ್ಲಿ ಆಗಬಾರದೆಂದು ಅರಸ ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸುತ್ತಾನೆ. ಉಳಿದ ಒಂದು ಕೈ ಒಂದು ಕಾಲಿನಿಂದಲೇ ಕಲ್ಕುಡ ವೇಣೂರಿನಲ್ಲಿ ಅಜಿಲ ಅರಸನಿಗೆ ಇನ್ನೊಂದು ಗೊಮ್ಮಟನನ್ನು ಮಾಡುತ್ತಾನೆ. ತಂಗಿ ಕಲ್ಲುರ್ಟಿ ಅಣ್ಣನ ಅಂಗಹೀನತೆಯನ್ನು ಕಂಡು ಸಿಟ್ಟಿಗೇಳುತ್ತಾಳೆ. ಇಬ್ಬರೂ ಮಾಯವಾಗಿ ದೈವಗಳಾಗಿ ಅರಸನ ಬೀಡಿಗೆ ಬೆಂಕಿಯಾಗಿ ಕಾಡುತ್ತಾರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕೆಲಸವನ್ನೂ ಕಲ್ಕುಡನ ಕೈಗೆ ಒಪ್ಪಿಸುವ ಹೇಳಿಕೆಗಳು ಈ ಭಾಗದಲ್ಲಿವೆ.

ಶಾಸನಗಳ ಪ್ರಕಾರ ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. ನಡುವೆ ನೂರ ಎಪ್ಪತ್ತೆರಡು ವರ್ಷಗಳ ಅಂತರವಿದೆ. ಪಾಡ್ದನವು ಈ ಅಂತರವನ್ನು ಒಬ್ಬ ಮನುಷ್ಯನ ಆಯುಸ್ಸಿನೊಳಗೆ ಮಡಚಿದೆ. ಚರಿತ್ರಕಾರರು ಇದನ್ನು ಕಾಲವಿಪರ್ಯಾಸವೆಂದು ಬದಿಗಿಡುವುದು ಸಹಜ. ಆದರೆ ಆ ಮಡಿಕೆಯಲ್ಲೇ ಕತೆಯ ವಾದ ಅಡಗಿದೆ: ಕೈ ಕಡಿದರೂ ಕೆಲಸ ಬಲ್ಲವನ ಕೆಲಸ ಮುಂದಿನ ಊರಿನಲ್ಲಿ ಎದ್ದು ನಿಲ್ಲಬೇಕು ಎಂಬ ಹಟ ಅದರಲ್ಲಿದೆ.

ಮೆಕ್ಲೆಲಂಡ್ ವಿಧಾನದಲ್ಲಿ ಈ ಕತೆಗೆ ಅಂಕ ಕೊಟ್ಟರೆ ಕಲ್ಕುಡ ಬಹಳ ಮೇಲಕ್ಕೆ ಬರುತ್ತಾನೆ. ಗೆಲ್ಲುವ ಆಸೆ, ಅದಕ್ಕೆ ತಕ್ಕ ಕ್ರಿಯೆ, ಅಡ್ಡಿ, ಅಡ್ಡಿಯ ನಂತರವೂ ಮುಂದುವರಿದ ಪ್ರಯತ್ನ, ಯಾವುದೂ ಕಡಿಮೆಯಿಲ್ಲ. ಆದರೆ ಅರಸ ಕೈ ಕಡಿಸಿದ ಘಟನೆ ಆ ಎಣಿಕೆಯಲ್ಲಿ ‘ಹೊರಗಿನ ಅಡ್ಡಿ’ ಎಂಬ ಒಂದು ಅಂಕವಾಗಿ ಮಾತ್ರ ಉಳಿಯುತ್ತದೆ, ಅದೂ ಕಲ್ಕುಡನ ಪ್ರೇರಣೆಯ ಲೆಕ್ಕಕ್ಕೇ ಸೇರುತ್ತದೆ. ಅಡ್ಡಿಯನ್ನು ಒಡ್ಡಿದವರು ಯಾರು, ಏಕೆ ಎಂದು ಕೇಳುವ ಅಂಕಣ ಅಲ್ಲಿಲ್ಲ. ಪಾಡ್ದನವಾದರೋ ಇದನ್ನು ಬಿಟ್ಟು ಬೇರೇನನ್ನೂ ಕೇಳುವುದಿಲ್ಲ. ಹೋಲಿಕೆಗೆ ಜಕಣಾಚಾರಿಯ ಐತಿಹ್ಯವನ್ನು ನೋಡಬಹುದು. ಬೇಲೂರಿನಲ್ಲಿ ಮಗ ಡಂಕಣ ಶಿಲೆಯ ದೋಷವನ್ನು ತೋರಿಸಿದಾಗ ಜಕಣಾಚಾರಿ ತನ್ನ ಕೈಯನ್ನು ತಾನೇ ಕಡಿದುಕೊಳ್ಳುತ್ತಾನೆ. ಅಲ್ಲಿ ಸೋಲು ಒಳಗಿನದು, ಶಿಕ್ಷೆಯೂ ಒಳಗಿನದು. ತುಳು ಪಾಡ್ದನದಲ್ಲಿ ದೋಷ ತೋರಿಸುವ ಪ್ರಸಂಗವೂ ಇದೆ, ಕೈ ಕಡಿಯುವ ಪ್ರಸಂಗವೂ ಇದೆ. ಆದರೆ ಎರಡನ್ನೂ ಬೇರೆಬೇರೆ ಇಡಲಾಗಿದೆ. ಕೆಲಸದ ದೋಷಕ್ಕೆ ನಾಚಿಕೆಪಡುವುದು ಕೆಲಸಗಾರನ ಪಾಲಿನದು. ಕೈ ಹೋಗುವುದು ಕೆಲಸ ತೀರ ಚೆನ್ನಾಗಿ ಆದದ್ದಕ್ಕೆ, ಮತ್ತು ಅದನ್ನು ಕಡಿಸುವವನು ಧಣಿ.

ಗೋಪುರದ ಆಟದಲ್ಲಿ ಶಿಬಿರಾರ್ಥಿ ಎಡಗೈಯಿಂದ ಕೆಲಸ ಮಾಡುತ್ತಾನೆ. ಪಾಡ್ದನದಲ್ಲಿ ಹೋಗುವುದು ಎಡಗೈ. ಇದು ಕಾಕತಾಳೀಯ, ಇದರ ಮೇಲೆ ಹೆಚ್ಚಿನ ಭಾರ ಹೊರಿಸಬಾರದು. ಆದರೂ ಎರಡನ್ನೂ ಒಟ್ಟಿಗೆ ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಆಟ ಮುಗಿದ ಕೂಡಲೇ ಬಟ್ಟೆ ಬಿಚ್ಚಲಾಗುತ್ತದೆ, ಬಲಗೈ ಮರಳಿ ದೊರೆಯುತ್ತದೆ. ಆಟದ ಅಡ್ಡಿ ಎಲ್ಲರಿಗೂ ಸಮಾನ, ತಾತ್ಕಾಲಿಕ. ತರಗತಿಯ ಹೊರಗಿನ ಅಡ್ಡಿ ಹಾಗಲ್ಲ. ವೃತ್ತಿ ಕಲಿತವನು ನೆಲೆ ನಿಲ್ಲದಿದ್ದಾಗ ‘ಪ್ರೇರಣೆಯ ಕೊರತೆ’ ಎಂದು ಬರೆಯುವ ಸಂಶೋಧಕನು ಈ ಎರಡು ಬಗೆಯ ಅಡ್ಡಿಗಳನ್ನು ಒಂದೇ ಎಂದು ಭಾವಿಸಿದ್ದಾನೆ.

ವೇಣೂರು ಇಂದು ಗೊಮ್ಮಟನ ಊರು ಮಾತ್ರವಲ್ಲ, ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕೈಗಾರಿಕಾ ತರಬೇತಿ ಸಂಸ್ಥೆಯ ಊರೂ ಹೌದು. ಅಂಕಪಟ್ಟಿ, ಪರೀಕ್ಷೆ, ಪಠ್ಯಕ್ರಮಗಳಿರುವ ಐಟಿಐಗಳಿಗೆ ಬಂದಾಗ ನಮ್ಮ ಮೂರು ಪರಿಭಾಷೆಗಳ ಪ್ರಶ್ನೆ ಬೇರೊಂದು ರೂಪ ತಾಳುತ್ತದೆ. ಸಾಮಾನ್ಯವಾಗಿ ಫಿಟ್ಟರ್ ವಿದ್ಯಾರ್ಥಿಯ ಮೊದಲ ಅಭ್ಯಾಸಗಳಲ್ಲಿ ಒಂದು, ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಸಮತಟ್ಟು ಮಾಡುವುದು. ಮೂಲೆಮಟ್ಟವನ್ನು ಇಟ್ಟು ಬೆಳಕಿಗೆ ಹಿಡಿದಾಗ ಸಂದಿನಲ್ಲಿ ಬೆಳಕು ತೂರಿಬಂದರೆ ಕೆಲಸ ಆಗಿಲ್ಲ ಎಂದರ್ಥ. ಇಲ್ಲಿ ತಪ್ಪನ್ನು ತೋರಿಸುವುದು ವಸ್ತುವೇ. ಗುರು ಮಾತಾಡಬೇಕಾಗಿಯೂ ಇಲ್ಲ. ಕಲ್ಕುಡನ ಮಗ ತಂದೆಯ ಕೆಲಸದಲ್ಲಿ ದೋಷ ಕಂಡದ್ದು ಇದೇ ನ್ಯಾಯದಿಂದ: ವಸ್ತುವಿನ ಮುಂದೆ ಹಿರಿಯ ಕಿರಿಯ ಎಂಬ ಭೇದವಿಲ್ಲ. ವೃತ್ತಿಕಲಿಕೆಯ ಪ್ರೇರಣೆ ಬಹುಪಾಲು ಈ ತಕ್ಷಣದ ಉತ್ತರದಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಕರ್ನಾಟಕದಲ್ಲಿ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 150 ಸರ್ಕಾರಿ ಐಟಿಐಗಳನ್ನು ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ಉನ್ನತೀಕರಿಸಿ, 2022ರ ಜೂನ್‌ನಲ್ಲಿ ಲೋಕಾರ್ಪಣೆ ಮಾಡಲಾಯಿತು. ಇಂತಹ ಹೂಡಿಕೆಯನ್ನು ಜಾನಪದದ ಹೆಸರಿನಲ್ಲಿ ಹಳಿಯುವುದು ಬೇಜವಾಬ್ದಾರಿ. ಹಳೆಯ ಲೇತ್‌ನಲ್ಲಿ ಕಲಿತ ಹುಡುಗ ಕಾರ್ಖಾನೆಯ ಗಣಕನಿಯಂತ್ರಿತ ಯಂತ್ರದ ಮುಂದೆ ಮೂಕನಾಗುವುದನ್ನು ಯಾರೂ ಬಯಸಬಾರದು. ಪ್ರತಿ ಉಪಕರಣದ ವಿಷಯದಲ್ಲೂ ಕೇಳಬೇಕಾದದ್ದು, ಅದು ವಸ್ತುವಿನ ಉತ್ತರವನ್ನು ವಿದ್ಯಾರ್ಥಿಗೆ ಹತ್ತಿರ ತರುತ್ತದೆಯೋ ದೂರ ಮಾಡುತ್ತದೆಯೋ ಎಂಬುದು. ವೆಲ್ಡಿಂಗ್ ಕಲಿಸುವ ಸಿಮ್ಯುಲೇಟರ್ ಕೋನ, ವೇಗ, ಅಂತರಗಳನ್ನು ಅಳೆದು ಕೂಡಲೇ ಅಂಕ ಕೊಡುತ್ತದೆ. ಸರಳು ವ್ಯರ್ಥವಾಗದು, ಕೈ ಸುಡದು. ಹೊಸಬನ ಮೊದಲ ವಾರಗಳಿಗೆ ಅದು ಒಳ್ಳೆಯ ಸಾಧನ. ಆದರೆ ಅನುಭವಿ ವೆಲ್ಡರ್ ಕಿಡಿಯ ಸದ್ದು ಕೇಳಿಯೇ ಬೆಸುಗೆಯ ಹದ ತಿಳಿಯುತ್ತಾನೆ. ಕಾದ ಎಣ್ಣೆಯಲ್ಲಿ ಹಪ್ಪಳ ಬೇಯುವಂತಹ ಆ ಸದ್ದಿಗೆ, ಮುಖಕ್ಕೆ ಹೊಡೆಯುವ ಕಾವಿಗೆ ಅಂಕಪಟ್ಟಿಯಲ್ಲಿ ಸ್ಥಳವಿಲ್ಲ. ಇತ್ತ ಸಿದ್ಧಾಂತದ ಪರೀಕ್ಷೆ ಗಣಕಕ್ಕೆ ವರ್ಗಾವಣೆಯಾಗಿ ಬಹು ಆಯ್ಕೆಯ ಪ್ರಶ್ನೆಗಳಿಗೆ ಇಳಿದಿದೆ. ಇದರ ಅಂಕಗಳನ್ನೇ ‘ಸಾಧನೆ’ ಎಂದು ತೆಗೆದುಕೊಂಡ ಅಧ್ಯಯನವು ಗುರುತಿಸುವ ವಿದ್ಯೆಯನ್ನು ಅಳೆದಿದೆ, ಮಾಡುವ ವಿದ್ಯೆಯನ್ನು ಅಳೆದಿಲ್ಲ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಅಥವಾ ಮಲಯಾಳಂ, ಶಾಲೆಯಲ್ಲಿ ಕನ್ನಡ, ಉಪಕರಣದ ಮೇಲೆ ಇಂಗ್ಲಿಷ್ ಎಂಬ ಇಲ್ಲಿನ ವಿದ್ಯಾರ್ಥಿಯ ಭಾಷಿಕ ಸ್ಥಿತಿಯೂ ಈ ಅಂಕಗಳಲ್ಲಿ ಅಡಗಿ ಕುಳಿತಿರುತ್ತದೆ.

2020 ಮತ್ತು 2021ರ ಕೊರೊನಾ ಕಾಲದಲ್ಲಿ ಕಾರ್ಯಾಗಾರಗಳು ಮುಚ್ಚಿದಾಗ ಪಾಠ ಮೊಬೈಲಿಗೆ ಬಂತು. ಘಟ್ಟದ ತಪ್ಪಲಿನ ಊರುಗಳ ವಿದ್ಯಾರ್ಥಿಗಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು, ಮಳೆಯಲ್ಲಿ ಟಾರ್ಪಾಲಿನ ಕೆಳಗೆ ಕುಳಿತು ಪಾಠ ಕೇಳಿದರು. ಆ ಹೊತ್ತಿನ ಅಂಕಗಳು ಕುಸಿದಿದ್ದರೆ ಅದನ್ನು ಪ್ರೇರಣೆಯ ಕುಸಿತವೆಂದು ಓದಲು ಯಾರಿಗೆ ಮನಸ್ಸು ಬಂದೀತು? ಗುಡ್ಡ ಹತ್ತಿದ್ದೇ ಪ್ರೇರಣೆಯ ಪುರಾವೆ. ಅರಕ್ಕೂ ಕಬ್ಬಿಣಕ್ಕೂ ಮಾತ್ರ ಮೊಬೈಲಿನಲ್ಲಿ ಬದಲಿ ಇರಲಿಲ್ಲ.

ಹಳೆಯ ಕಲಿಕೆಯನ್ನು ಹೊಗಳುವ ಭರದಲ್ಲಿ ಅದರ ಬಾಗಿಲು ಎಷ್ಟು ಕಿರಿದಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಉಳಿ ಹಿಡಿಯುವ ಹಕ್ಕು ಹುಟ್ಟಿನಿಂದ ಬರುತ್ತಿತ್ತು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಹಲವು ಜಾತಿಗಳ ಜನ ಒಂದೇ ಅಂಗಳದಲ್ಲಿ ದುಡಿಮೆ ಕಲಿತದ್ದು ದೊಡ್ಡ ಪಲ್ಲಟ. ಐಟಿಐಯ ಅರ್ಜಿ ನಮೂನೆ ಆ ಪಲ್ಲಟವನ್ನು ಮುಂದುವರಿಸಿತು. ಕೆನರಾ ಬ್ಯಾಂಕ್ 1997ರಲ್ಲಿ ಕಾರ್ಕಳದ ಬಳಿ ಆರಂಭಿಸಿದ ಸಿ. ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥೆಯಲ್ಲಿ ಕಲ್ಲು, ಮರ, ಲೋಹಗಳ ಶಿಲ್ಪವನ್ನು ಉಚಿತವಾಗಿ ಕಲಿಯಬಹುದು. ಕಲ್ಕುಡನ ಊರಿನಲ್ಲೇ ಉಳಿ ಶಾಲೆಯ ಉಪಕರಣವಾದುದು ಗಮನಾರ್ಹ. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕೆತ್ತಿದ 39 ಅಡಿಯ ಬಾಹುಬಲಿ ಧರ್ಮಸ್ಥಳದಲ್ಲಿ ಪ್ರತಿಷ್ಠೆಗೊಂಡದ್ದು ರುಡ್‌ಸೆಟ್ ಆರಂಭವಾದ 1982ರಲ್ಲೇ.

ಪಾಡ್ದನದಲ್ಲಿ ಪ್ರಶ್ನೆ ಕೇಳುವವಳು ಕಲ್ಲುರ್ಟಿ ಎಂಬುದನ್ನು ನಮ್ಮ ಅಧ್ಯಯನಗಳು ಇನ್ನಷ್ಟು ಗಂಭೀರವಾಗಿ ಪರಿಗಣಿಸಬೇಕು. ಅಣ್ಣನಿಗೆ ಕೆಲಸವಿದೆ, ತಂಗಿಗೆ ಕೆಲಸದ ಲೆಕ್ಕ ಕೇಳುವ ಅಧಿಕಾರವಿದೆ. ಬಂಟ್ವಾಳ ತಾಲ್ಲೂಕಿನ ಪಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಇಂದಿಗೂ ಅಗೆಲು ಸೇವೆಗಾಗಿ ಜನ ಸಾಲುಗಟ್ಟುತ್ತಾರೆ. ಅನ್ಯಾಯವಾದಾಗ, ವಸ್ತು ಕಳೆದಾಗ ಆಕೆಗೆ ಹೇಳಿಕೊಳ್ಳುವುದು ವಾಡಿಕೆ. ಅಡ್ಡಿಗೆ ಕಾರಣ ಯಾರು ಎಂಬ ಪ್ರಶ್ನೆಯನ್ನು ಜನ ಇಲ್ಲಿ ತಮ್ಮ ಅಂತರಂಗಕ್ಕೆ ಮಾತ್ರ ಕೇಳಿಕೊಳ್ಳುತ್ತಿಲ್ಲ.

ರುಡ್‌ಸೆಟ್ ಮಾದರಿಯ ಅತ್ಯಂತ ಮೌಲಿಕ ಅಂಶ ಅದರ ಆಟಗಳಲ್ಲಿಲ್ಲ, ತರಬೇತಿ ಮುಗಿದ ಮೇಲೂ ಎರಡು ವರ್ಷ ಶಿಬಿರಾರ್ಥಿಯನ್ನು ಹಿಂಬಾಲಿಸಿ, ಆತ ವೃತ್ತಿಯಲ್ಲಿ ನೆಲೆಗೊಂಡನೇ ಎಂದು ದಾಖಲಿಸುವ ಕ್ರಮದಲ್ಲಿದೆ. ಅಂಕಪಟ್ಟಿಗಿಂತ ಈ ದಾಖಲೆ ಪಾಡ್ದನದ ನ್ಯಾಯಕ್ಕೆ ಹತ್ತಿರ. ಕಾರ್ಕಳದ ನಂತರ ವೇಣೂರಿನಲ್ಲಿ ಏನಾಯಿತು ಎಂದು ಅದು ಕೇಳುತ್ತದೆ. ವೃತ್ತಿಶಿಕ್ಷಣದ ಸಂಶೋಧಕರು ಪ್ರಶ್ನಾವಳಿಯೊಂದಿಗೆ ತರಗತಿಗೆ ಹೋಗುವ ಬದಲು ಇಂತಹ ಅನುಸರಣಾ ದಾಖಲೆಗಳೊಂದಿಗೆ ಮನೆಗಳಿಗೆ ಹೋಗುವುದು ಲೇಸು. ನೆಲೆಗೊಳ್ಳದವರ ಹೆಸರಿನ ಮುಂದೆ ಕಾರಣವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು: ಅಂಗಡಿಕೋಣೆಯ ಮುಂಗಡ, ಸಾಲಕ್ಕೆ ಜಾಮೀನು, ಸಂಜೆಯ ಕೊನೆಯ ಬಸ್ಸು, ಕಲಿತ ಕೆಲಸಕ್ಕೆ ಊರಿನಲ್ಲಿ ಸಿಗುವ ಕೂಲಿ, ಮದುವೆಯಾಗಿ ಹೋದ ಮನೆಯವರ ಒಪ್ಪಿಗೆ. ಈ ಮಾತುಗಳನ್ನು ತುಳುವಿನಲ್ಲೇ, ಬ್ಯಾರಿಯಲ್ಲೇ ಸಂಗ್ರಹಿಸಿ ಲಿಪ್ಯಂತರ ಮಾಡುವ ವಿಧಾನ ಜಾನಪದ ಅಧ್ಯಯನಕ್ಕೆ ಹೊಸದಲ್ಲ. ಪಾಡ್ದನಗಳ ಪಾಠಾಂತರಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅಭ್ಯಾಸವಿರುವವರು ಒಂದೇ ತಂಡದಲ್ಲಿ ಕಲಿತ ಇಪ್ಪತ್ತೈದು ಮಂದಿ ಹೊಲಿಗೆಯವರ ಎರಡು ವರ್ಷಗಳ ಕತೆಗಳನ್ನೂ ಹಾಗೆಯೇ ಇಟ್ಟು ಓದಬಹುದು. ಬೆಳ್ತಂಗಡಿ ಮತ್ತು ಬಂಟ್ವಾಳ ತಾಲ್ಲೂಕುಗಳಲ್ಲಿ ಇದಕ್ಕೆ ಬೇಕಾದ ಆಕರ ನಾಲ್ಕು ದಶಕಗಳಿಂದ ಬೆಳೆಯುತ್ತ ಬಂದಿದೆ.